ಹಿಂದಿನ ಬೆಂಚು ತೆಗೆದರೂ ಹಿಂದೆಯೇ ಉಳಿಯುವ ಮಕ್ಕಳು

ಮಾನ್ಯ ಸಂಪಾದಕರೇ,

ಕೇರಳದ ಕೆಲವು ಶಾಲೆಗಳು 2025ರಲ್ಲಿ ತರಗತಿಯ ಬೆಂಚುಗಳನ್ನು ಗೋಡೆಗುಂಟ ಯು ಆಕಾರದಲ್ಲಿ ಜೋಡಿಸಿ, ಹಿಂದಿನ ಬೆಂಚು ಎಂಬುದೇ ಇಲ್ಲದಂತೆ ಮಾಡಿದ ಸುದ್ದಿ ಬಂದಾಗಿನಿಂದ, ನಮ್ಮ ಶಾಲೆಗಳಲ್ಲಿಯೂ ಅದೇ ಏರ್ಪಾಡು ಬರಬೇಕೆಂಬ ಮಾತು ಶಿಕ್ಷಕರ ನಡುವೆಯೂ ಪೋಷಕರ ನಡುವೆಯೂ ಆಗಾಗ ಕೇಳಿಬರುತ್ತಿದೆ. ಗದಗ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿ ಈಚೆಗೆ ನಿವೃತ್ತಳಾದ ನನಗೆ ಈ ಮಾತಿನ ಬಗ್ಗೆ ತಕರಾರೇನೂ ಇಲ್ಲ. ಮಕ್ಕಳ ಮುಖ ಮಕ್ಕಳಿಗೆ ಕಾಣುವಂತೆ ಕೂಡಿಸುವುದು ಒಳ್ಳೆಯದೇ. ಆದರೆ ಬೆಂಚು ತಿರುಗಿಸಿದ ಮಾತ್ರಕ್ಕೆ ಎಲ್ಲ ಮಕ್ಕಳಿಗೂ ನ್ಯಾಯ ಸಿಕ್ಕಿತೆಂದು ನಂಬಿಬಿಟ್ಟರೆ, ನಿಜವಾಗಿ ತಿರುಗಬೇಕಾದದ್ದು, ಅಂದರೆ ಶಿಕ್ಷಕರಾದ ನಮ್ಮ ದಿನನಿತ್ಯದ ರೂಢಿ, ಇದ್ದಲ್ಲಿಯೇ ಉಳಿದುಬಿಡುತ್ತದೆ ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ಹಾಗೆ ನೋಡಿದರೆ ನಮ್ಮ ಸರ್ಕಾರಿ ಶಾಲೆಗಳ ಒಂದರಿಂದ ಮೂರನೆಯ ತರಗತಿಗಳಲ್ಲಿ ಹಿಂದಿನ ಬೆಂಚು ಇಲ್ಲವಾಗಿ ಬಹಳ ಕಾಲವಾಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ನಲಿ-ಕಲಿ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದಿತು. ಅದರಲ್ಲಿ ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಪೂರ್ತಿ ಶಿಕ್ಷಕರ ನೆರವು ಬೇಕಾದವರದ್ದು ಒಂದು ಗುಂಪು, ಸಹಪಾಠಿಯ ನೆರವು ಸಾಕಾದವರದ್ದು ಇನ್ನೊಂದು, ತಾವೇ ಕಲಿಯುವವರದ್ದು ಮತ್ತೊಂದು. ಯಾರು ಯಾವ ಮೆಟ್ಟಿಲಲ್ಲಿದ್ದಾರೋ ಅಲ್ಲಿಂದಲೇ ತಮ್ಮ ವೇಗದಲ್ಲಿ ಮುಂದೆ ಸಾಗುತ್ತಾರೆ. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ತರಗತಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಮಗು ಚಟುವಟಿಕೆ ಬದಲಾದಂತೆಲ್ಲ ಗುಂಪನ್ನೂ ಬದಲಿಸುತ್ತಿರಬೇಕು ಎಂಬುದು ಈ ಪದ್ಧತಿಯ ಜೀವಾಳ. ನನ್ನದೇ ಕೋಣೆಯಲ್ಲಿ ಒಂದು ವರ್ಷ ನಾಲ್ಕು ಮಕ್ಕಳು ಆಷಾಢದಿಂದ ಸಂಕ್ರಾಂತಿಯವರೆಗೆ ನನ್ನ ಪಕ್ಕದ ಗುಂಪನ್ನು ಬಿಟ್ಟು ಕದಲಲಿಲ್ಲ. ಉಳಿದ ಮಕ್ಕಳು ಅವರಿಗೆ ‘ಅಕ್ಕೋರ ಗುಂಪಿನಾವ್ರು’ ಎಂದು ಹೆಸರಿಟ್ಟಿದ್ದರು, ಆ ಹೆಸರಿನಲ್ಲಿ ದಡ್ಡರೆಂಬ ಅರ್ಥ ಅಡಗಿತ್ತು, ಮತ್ತು ಅದು ನನ್ನ ಕಿವಿಗೆ ಬಿದ್ದರೂ ನಾನು ನಕ್ಕು ಸುಮ್ಮನಾಗಿದ್ದೆ. ಆ ನಾಲ್ವರಲ್ಲಿ ಮೂವರು ಪಕ್ಕದ ತಾಂಡಾದಿಂದ ನಡೆದುಬರುವ ಲಂಬಾಣಿ ಮಕ್ಕಳು ಎಂಬುದು ನನಗೆ ಹೊಳೆಯಲು ಅರ್ಧ ವರ್ಷವೇ ಬೇಕಾಯಿತು.

ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ಆರಂಭವಾಗುವುದು ವರ್ಣಮಾಲೆಯ ಕ್ರಮದಲ್ಲಲ್ಲ, ‘ರ, ಗ, ಸ, ದ, ಅ’ ಎಂಬ ಐದು ಅಕ್ಷರಗಳಿಂದ. ಅವುಗಳಿಂದಲೇ ಅರಸ, ಸರ, ಗರಗಸ ಮೊದಲಾದ ಪದಗಳನ್ನು ಕಟ್ಟಿಸುತ್ತೇವೆ. ಕನ್ನಡ ಮನೆಮಾತಾಗಿರುವ ಮಗುವಿಗೆ ಇದು ಗೊತ್ತಿರುವ ಸದ್ದಿಗೆ ಗೊತ್ತಿಲ್ಲದ ಗೆರೆಯನ್ನು ಹೊಂದಿಸುವ ಕೆಲಸ. ತಾಯಿಯನ್ನು ‘ಯಾಡಿ’ ಎಂದು ಕರೆಯುವ, ನೀರಿಗೆ ‘ಪಾಣಿ’, ರೊಟ್ಟಿಗೆ ‘ಬಾಟಿ’ ಎನ್ನುವ ಮಗುವಿಗೆ ಗೆರೆಯೂ ಹೊಸದು, ಸದ್ದೂ ಹೊಸದು, ಪದ ಸೂಚಿಸುವ ವಸ್ತುವೂ ಎಷ್ಟೋ ಸಲ ಹೊಸದು. ಇಬ್ಬರಿಗೂ ಒಂದೇ ಕಾರ್ಡು, ಒಂದೇ ಅವಧಿ ಕೊಟ್ಟು, ಕಲಿಯದವರನ್ನು ನಿಧಾನ ಕಲಿಕೆಯವರ ಪಟ್ಟಿಗೆ ಸೇರಿಸುತ್ತಿದ್ದೆವು. ಆ ಗುಂಪಿನ ಒಬ್ಬ ಹುಡುಗಿ ತರಗತಿಯಲ್ಲಿ ಬಾಯಿ ಬಿಡುತ್ತಲೇ ಇರಲಿಲ್ಲ. ಒಂದು ದಿನ ಆರನೆಯ ತರಗತಿಯಲ್ಲಿದ್ದ ಅವಳ ಅಕ್ಕನನ್ನು ಕರೆಸಿ ಪಕ್ಕದಲ್ಲಿ ಕೂಡಿಸಿ, ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸುತ್ತ ‘ನಿಮ್ಮ ಮನ್ಯಾಗ ಇದಕ್ಕ ಏನಂತೀರಿ’ ಎಂದು ಕೇಳಿಸಿದೆ. ಹುಡುಗಿ ತಲೆ ಬಗ್ಗಿಸಿಕೊಂಡೇ, ಆದರೆ ತಡವರಿಸದೆ, ಹತ್ತಾರು ಕಾರ್ಡುಗಳಿಗೆ ಹೆಸರು ಹೇಳಿದಳು. ಅಷ್ಟು ತಿಂಗಳು ನಾನು ‘ಏನೂ ಬರದವಳು’ ಎಂದುಕೊಂಡಿದ್ದವಳಿಗೆ ಬಾರದೆ ಇದ್ದದ್ದು ಕನ್ನಡವೊಂದೇ. ನನಗೆ ಬಾರದೆ ಇದ್ದದ್ದು ಅವಳ ಮಾತು. ಅಂದಿನಿಂದ ಕಲಿಕಾ ಚಪ್ಪರದ, ಅಂದರೆ ಕೋಣೆಯಲ್ಲಿ ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ಹಂದರದ, ದಾರಕ್ಕೆ ಕಟ್ಟುವ ಚಿತ್ರಗಳ ಕೆಳಗೆ ಎರಡು ಹೆಸರು ಬರೆದೆವು, ಎರಡೂ ಕನ್ನಡ ಲಿಪಿಯಲ್ಲಿ. ಇದರಿಂದ ಪವಾಡವೇನೂ ಆಗಲಿಲ್ಲ. ಆ ಹುಡುಗಿ ಓದಲು ಕಲಿತದ್ದು ಮರುವರ್ಷವೇ. ಆದರೆ ಉಳಿದ ಮಕ್ಕಳು ತಾಂಡಾದ ಮಾತನ್ನು ಕೇಳಿ ನಗುವುದನ್ನು ಬಿಟ್ಟು, ಆಟದಲ್ಲಿ ಅದರ ಎರಡು ಮೂರು ಪದಗಳನ್ನು ತಾವೂ ಬಳಸತೊಡಗಿದರು.

ಇದು ಒಂದು ತಾಂಡಾದ ಕಥೆಯಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡವನ್ನು ಮನೆಮಾತೆಂದು ಹೇಳಿದವರು ಸುಮಾರು ಮೂರನೆಯ ಎರಡು ಭಾಗ ಮಾತ್ರ. ಉಳಿದವರು ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಕೊಡವ ಹೀಗೆ ಹಲವು ಭಾಷೆಗಳವರು. ಲಂಬಾಣಿಯನ್ನಂತೂ ಜನಗಣತಿ ಹಿಂದಿಯ ಲೆಕ್ಕಕ್ಕೆ ಹಾಕಿಬಿಡುತ್ತದೆ. ಎಣಿಸುವವರಿಗೇ ಕಾಣದ ಭಾಷೆ ಶಿಕ್ಷಕರಿಗೆ ಕಾಣಲಿಲ್ಲವೆಂದರೆ ಆಶ್ಚರ್ಯವೇನು? ಕನ್ನಡದವರ ಪಾಡಾದರೂ ಎಲ್ಲ ಕಡೆ ಒಂದೇ ಅಲ್ಲ. ಪುಸ್ತಕದಲ್ಲಿ ಕಡಲೆಕಾಯಿಯ ಚಿತ್ರವಿದ್ದು, ಕೆಳಗಿನ ಖಾಲಿ ಜಾಗದಲ್ಲಿ ನಮ್ಮ ಮಕ್ಕಳು ‘ಶೇಂಗಾ’ ಎಂದು ಬರೆದಾಗ ಕೆಂಪು ಗೆರೆ ಎಳೆದವಳು ನಾನೇ. ನನ್ನ ಮನೆಯಲ್ಲಿ ಶೇಂಗಾ ಚಟ್ನಿ ಅರೆದು ರೊಟ್ಟಿ ಕಟ್ಟಿಕೊಂಡು ಶಾಲೆಗೆ ಬಂದು, ಅದೇ ಪದವನ್ನು ತಪ್ಪೆಂದು ಹೊಡೆದೆ. ಮಗು ಬರೆದದ್ದು ಸರಿ, ಪುಸ್ತಕದಲ್ಲಿ ಹೀಗೂ ಬರೆಯುತ್ತಾರೆ ಎಂದು ಎರಡನ್ನೂ ಹಲಗೆಯ ಮೇಲೆ ಬರೆಯಲು ಬೇಕಾದ ಸಮಯ ಅರ್ಧ ನಿಮಿಷ. ಸಾಧ್ಯವಾದ ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕು, ಮಗು ಭಯ ಆತಂಕಗಳಿಲ್ಲದೆ ಮನಸ್ಸು ಬಿಚ್ಚಿ ಮಾತನಾಡುವಂತಾಗಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್ ಹೇಳುತ್ತದೆ. ಆ ಸೆಕ್ಷನ್‌ನ ಅನುಷ್ಠಾನ ಆರಂಭವಾಗುವುದು ಇಂಥ ಅರ್ಧ ನಿಮಿಷಗಳಲ್ಲಿಯೇ ಎಂದು ನನಗೆ ಅನಿಸುತ್ತದೆ.

ಇನ್ನು ಪ್ರಶ್ನೆ ಕೇಳುವ ವಿಷಯ. ‘ನಾನು ಎಲ್ಲರನ್ನೂ ಕೇಳುತ್ತೇನೆ, ನನಗೆ ಎಲ್ಲ ಮಕ್ಕಳೂ ಒಂದೇ’ ಎಂದು ಹೇಳದ ಶಿಕ್ಷಕರನ್ನು ನಾನು ಕಂಡಿಲ್ಲ. ನಾನೂ ಹಾಗೆಯೇ ಹೇಳುತ್ತಿದ್ದೆ. ಒಮ್ಮೆ ಸಹೋದ್ಯೋಗಿಯೊಬ್ಬರನ್ನು ನನ್ನ ಐದನೆಯ ತರಗತಿಯ ಗಣಿತದ ಅವಧಿಯಲ್ಲಿ ಮೂಲೆಯಲ್ಲಿ ಕೂರಿಸಿ, ಹಾಜರಿಯ ಹೆಸರುಗಳ ಪಟ್ಟಿ ಕೊಟ್ಟು, ನಾನು ಯಾರನ್ನು ಕೇಳುತ್ತೇನೋ ಅವರ ಹೆಸರಿನ ಮುಂದೆ ಒಂದು ಗೆರೆ ಎಳೆಯಲು ಹೇಳಿದೆ. ಅವಧಿ ಮುಗಿದ ಮೇಲೆ ನೋಡಿದರೆ ಗೆರೆಗಳೆಲ್ಲ ಆರೇಳು ಹೆಸರುಗಳ ಮುಂದೆ ಮುತ್ತಿಕೊಂಡಿದ್ದವು; ಅರ್ಧದಷ್ಟು ಹೆಸರುಗಳ ಮುಂದೆ ಒಂದೂ ಇರಲಿಲ್ಲ. ಗೆರೆ ಬಿದ್ದವರು ಯಾರು? ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವವರು, ನನ್ನ ಮೇಜಿನ ಹತ್ತಿರದವರು, ಮತ್ತು, ಬರೆಯಲು ಮುಜುಗರವಾದರೂ ಬರೆಯಲೇಬೇಕು, ಯಾರ ಮನೆಯ ಚಹಾ ನಾನು ಕುಡಿದಿದ್ದೆನೋ ಆ ಮನೆಯ ಮಕ್ಕಳು. ನಾನು ಯಾರನ್ನೂ ಬೇಕೆಂದು ಬಿಟ್ಟಿರಲಿಲ್ಲ. ಭೇದ ಮಾಡಬೇಕೆಂದು ಭೇದ ಮಾಡುವ ಶಿಕ್ಷಕರು ಕಡಿಮೆ. ಕಣ್ಣು ಹೋದಲ್ಲಿ ಬಾಯಿ ಹೋಗುವ ನಮ್ಮಂಥವರೇ ಹೆಚ್ಚು. ಅಂದಿನಿಂದ ಹಾಜರಿ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಚಾಕ್‌ಪೀಸಿನ ಖಾಲಿ ಡಬ್ಬಿಗೆ ಹಾಕಿ, ಚೀಟಿ ಬಂದವರನ್ನು ಕೇಳತೊಡಗಿದೆ. ಮೊದಲ ವಾರ ಪಾಠ ಕುಂಟಿತು. ಉತ್ತರ ಬರಲು ತಡವಾಯಿತು, ಜಾಣ ಮಕ್ಕಳು ಬೇಸತ್ತರು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದು ಇದನ್ನೇ: ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ದೊಡ್ಡದಾಗುತ್ತವೆ, ಉತ್ತರಿಸುವವರೂ ಹೆಚ್ಚುತ್ತಾರೆ. ಮನಸ್ಸಿನಲ್ಲಿ ಐದರವರೆಗೆ ಎಣಿಸುವುದು ಕೇಳಲು ಸುಲಭ. ನಲವತ್ತು ನಿಮಿಷದ ಅವಧಿಯಲ್ಲಿ, ಮುಗಿಸಬೇಕಾದ ಪಾಠ ಕಣ್ಣ ಮುಂದಿರುವಾಗ, ಆ ಮೌನವನ್ನು ತಾಳಿಕೊಳ್ಳಲು ನನಗೆ ಒಂದು ಇಡೀ ವರ್ಷದ ಅಭ್ಯಾಸ ಬೇಕಾಯಿತು.

ಪಾಠದ ಹೊರಗಿನ ಕೆಲಸಗಳಲ್ಲಿ ಭೇದ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕಸ ಗುಡಿಸುವುದು, ರಂಗೋಲಿ ಹಾಕುವುದು ಹುಡುಗಿಯರ ಪಾಲು; ಗಂಟೆ ಹೊಡೆಯುವುದು, ಬೇರೆ ತರಗತಿಗೆ ನೋಟಿಸು ಒಯ್ಯುವುದು ಹುಡುಗರ ಪಾಲು; ಅತಿಥಿಗಳು ಬಂದಾಗ ನೀರಿನ ಲೋಟ ಯಾರ ಕೈಯಲ್ಲಿ ಕೊಡಿಸಬೇಕೆಂಬ ಲೆಕ್ಕ ಹಲವು ಶಾಲೆಗಳಲ್ಲಿ ಇಂದಿಗೂ ಬಾಯಿಬಿಡದೆ ನಡೆಯುತ್ತದೆ. ಶೌಚಾಲಯ ತೊಳೆಯುವ ಕೆಲಸ ಯಾವ ಮಕ್ಕಳ ಪಾಲಿಗೆ ಬರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಬಯಲಾದಾಗ ಇಡೀ ರಾಜ್ಯ ತಲೆತಗ್ಗಿಸಿತು. ಅಷ್ಟು ಘೋರವಾದದ್ದು ಸುದ್ದಿಯಾಗುತ್ತದೆ, ಶಿಕ್ಷೆಯೂ ಆಗುತ್ತದೆ. ದಿನಬೆಳಗಾದರೆ ನಡೆಯುವ ಸಣ್ಣದು ಆಗುವುದಿಲ್ಲ. ನಮ್ಮ ಶಾಲೆಯಲ್ಲಿ ಹಾಜರಿ ಸಂಖ್ಯೆಯ ಪ್ರಕಾರ ಎಲ್ಲ ಕೆಲಸಗಳಿಗೂ ಸರದಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ ಮೂರನೆಯ ದಿನಕ್ಕೇ ತಂದೆಯೊಬ್ಬರು ಬಂದು ‘ನಮ್ಮ ಹುಡುಗನ ಕೈಯಾಗ ಕಸಬರಿಗಿ ಕೊಟ್ಟೀರಂತಲ್ರಿ ಅಕ್ಕೋರ’ ಎಂದು ದಬಾಯಿಸಿದರು. ಪಟ್ಟಿ ತೋರಿಸಿ, ನಾಳೆ ಅವನೇ ಗಂಟೆ ಹೊಡೆಯುತ್ತಾನೆ ಎಂದೆ. ಅವರಿಗೆ ಸಮಾಧಾನವಾಯಿತೆಂದು ಹೇಳಲಾರೆ. ಪಟ್ಟಿ ಮಾತ್ರ ಗೋಡೆಯ ಮೇಲೆಯೇ ಉಳಿಯಿತು.

ಬಿಸಿಯೂಟದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಮೊಟ್ಟೆ ಕೊಡಲು ಆರಂಭಿಸಿದ ಮೇಲೆ, ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂಬ ಆಯ್ಕೆ ಬಂದದ್ದು ಸರಿಯಾದದ್ದೇ. ಆದರೆ ಹಂಚಲು ಅನುಕೂಲವೆಂದು ನಾವು ಮೊಟ್ಟೆಯವರದ್ದು ಒಂದು ಸಾಲು, ಬಾಳೆಹಣ್ಣಿನವರದ್ದು ಒಂದು ಸಾಲು ಮಾಡಿದೆವು, ಎರಡು ವಾರ ಕಳೆಯುವುದರೊಳಗೆ ಆ ಸಾಲುಗಳು ಊರಿನ ಓಣಿಗಳಾಗಿದ್ದವು. ಮಕ್ಕಳನ್ನು ಮೊದಲು ಬೆರೆತು ಕೂರಿಸಿ, ಕೂತಲ್ಲಿಗೇ ಎರಡನ್ನೂ ಒಯ್ದು ಬೇಕಾದದ್ದನ್ನು ಕೊಡುವುದಕ್ಕೆ ಐದು ನಿಮಿಷ ಹೆಚ್ಚು ಹಿಡಿಯಿತು, ಅಷ್ಟೆ.

ಎಲ್ಲರಿಗೂ ಒಂದೇ ರೀತಿ ಮಾಡುವುದೇ ನ್ಯಾಯವೆಂಬ ತಿಳಿವಳಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆ ಎಂಬುದು ತಿಳಿಯುವುದು ಅಂಗವಿಕಲ ಮಕ್ಕಳ ವಿಷಯದಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅವುಗಳಲ್ಲಿ ಕಲಿಕಾ ನ್ಯೂನತೆಯಂಥ, ಮೇಲ್ನೋಟಕ್ಕೆ ಏನೂ ಕಾಣದ ಬಗೆಗಳೂ ಇವೆ. ಹೀಗಾಗಿ ನಮ್ಮ ಕಣ್ಣಿಗೆ ಅದು ಸೋಮಾರಿತನವಾಗಿ, ಮೊಂಡುತನವಾಗಿ, ಕದ್ದು ನೋಡುವ ಚಾಳಿಯಾಗಿ ಕಾಣಿಸುತ್ತದೆ. ನಾಲ್ಕನೆಯ ತರಗತಿಯ ಹುಡುಗನೊಬ್ಬ ಹಲಗೆಯ ಮೇಲಿನದನ್ನು ಬಿಟ್ಟು ಯಾವಾಗಲೂ ಪಕ್ಕದವನ ನೋಟ್‌ಬುಕ್ಕಿನಿಂದ ಇಳಿಸಿಕೊಳ್ಳುತ್ತಿದ್ದ. ನಾನು ಅವನನ್ನು ಒಬ್ಬನೇ ಬೇರೆ ಕೂರಿಸಿದೆ. ಆಮೇಲೆ ಅವನು ಬರೆಯುವುದನ್ನೇ ನಿಲ್ಲಿಸಿದ. ಆರೋಗ್ಯ ತಪಾಸಣೆಗೆ ಬಂದ ವೈದ್ಯರ ತಂಡ ಕಣ್ಣು ಪರೀಕ್ಷಿಸಿದಾಗ ಗೊತ್ತಾಯಿತು, ಅವನಿಗೆ ಹಲಗೆಯೇ ಮಸುಕಾಗಿತ್ತು, ಓದಲು ಸಿಗುತ್ತಿದ್ದದ್ದು ಪಕ್ಕದವನ ನೋಟ್‌ಬುಕ್ಕು ಮಾತ್ರ. ಕನ್ನಡಕ ಬಂದ ಮೇಲೂ ಅವನಿಗೆ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಹತ್ತು ನಿಮಿಷದ ಹೆಚ್ಚುವರಿ ಸಮಯ ಕೊಟ್ಟಾಗ ಜಾಣ ಹುಡುಗನೊಬ್ಬ ‘ಅವಗಷ್ಟ ಯಾಕ್ರಿ’ ಎಂದು ಕೇಳಿದ. ಪ್ರಶ್ನೆ ಸಹಜವೇ. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದಾಗ ಅವಳ ಅಡುಗೆ ಬೇರೆ ಮಾಡುತ್ತಾರೋ ಇಲ್ಲವೋ, ಹೊಲಕ್ಕೆ ಹೋಗುವ ಅಪ್ಪನ ಬುತ್ತಿ ನಿನ್ನ ಬುತ್ತಿಗಿಂತ ದೊಡ್ಡದೋ ಅಲ್ಲವೋ, ಅದಕ್ಕೆ ನೀನು ಜಗಳ ತೆಗೆಯುತ್ತೀಯೇನು ಎಂದು ಕೇಳಿದೆ. ಮಕ್ಕಳಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅರ್ಥವಾಗಲು ತಡವಾಗುವುದು ನಮಗೆ. ಇಂಥ ಮಕ್ಕಳಿಗಾಗಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ, ಆದರೆ ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಜನ. ಅವರು ಒಂದು ಶಾಲೆಗೆ ಮತ್ತೆ ಬರುವಷ್ಟರಲ್ಲಿ ಮಗುವೇ ಶಾಲೆ ಬಿಟ್ಟಿರುತ್ತದೆ.

ಶಾಲೆ ಬಿಟ್ಟಂತೆ ಕಾಣುವ ಇನ್ನೊಂದು ಗುಂಪು ಗುಳೆ ಹೋಗುವವರ ಮಕ್ಕಳದ್ದು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ತಾಂಡಾಗಳಿಂದ ಕುಟುಂಬಗಳು ಗೋವಾಕ್ಕೆ, ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ, ಬೇರೆಡೆಗೆ ಕಬ್ಬು ಕಡಿಯಲು ಹೋಗುತ್ತವೆ. ಮಕ್ಕಳು ಹಿಂತಿರುಗಿದಾಗ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರಿನ ಸಾಲು ಕಾದಿರುತ್ತದೆ, ನಮ್ಮ ಬಾಯಲ್ಲಿ ‘ಬಂದ್ಯಾ, ಈಗ ನೆನಪಾತೇನು ಸಾಲಿ’ ಎಂಬ ಕುಹಕ ಕಾದಿರುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳಿದ್ದರೂ, ನಗರದ ಶಾಲೆಗಳಿಂದ ‘ಕಾಗದ ತನ್ನಿ’ ಎಂದು ವಾಪಸು ಕಳುಹಿಸಿದ ಪಾಲಕರು ನನ್ನ ಮೇಜಿನ ಮುಂದೆ ಎಷ್ಟೋ ಸಲ ನಿಂತಿದ್ದಾರೆ.

ಇಷ್ಟೆಲ್ಲ ಬರೆದ ಮೇಲೆ ತಪ್ಪೆಲ್ಲ ಶಿಕ್ಷಕರದ್ದೇ ಎಂಬ ಅರ್ಥ ಬರಬಾರದು. ಒಬ್ಬರೇ ಇಬ್ಬರೇ ಇರುವ ಶಾಲೆಯಲ್ಲಿ ಐದು ತರಗತಿ ನೋಡಿಕೊಂಡು, ಮತಗಟ್ಟೆ ಕೆಲಸ ಮಾಡಿ, ಮೊಟ್ಟೆಯ ಲೆಕ್ಕ ಬರೆದು, ದಿನಕ್ಕೊಂದು ಆನ್‌ಲೈನ್ ಮಾಹಿತಿ ತುಂಬುವವರಿಗೆ ‘ಪ್ರತಿ ಮಗುವನ್ನೂ ಗಮನಿಸಿ’ ಎಂದು ಉಪದೇಶಿಸುವುದು ಸುಲಭ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗಾಗಿ ಮನೆಮನೆ ಸುತ್ತಿದವರೂ ಶಿಕ್ಷಕರೇ, ಅದಕ್ಕಾಗಿ ದಸರಾ ರಜೆಯೇ ಹಿಗ್ಗಿತು. ಸಮನ್ವಯ ಶಿಕ್ಷಣದ ತರಬೇತಿಗಳು ನಡೆಯುತ್ತವೆ, ನಾನೂ ಹಲವಕ್ಕೆ ಹೋಗಿದ್ದೇನೆ. ಬೆಳಿಗ್ಗೆ ವ್ಯಾಖ್ಯೆ, ಮಧ್ಯಾಹ್ನ ಊಟ, ಸಂಜೆ ಗುಂಪು ಫೋಟೊ. ಅದರ ಬದಲು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಮಾಲೋಚನಾ ಸಭೆಯ ಒಂದು ಅವಧಿಯಲ್ಲಿ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂತು, ಹೆಸರುಗಳ ಪಟ್ಟಿಯ ಮುಂದೆ ಗೆರೆ ಎಳೆದು, ಅದನ್ನು ಆ ಶಿಕ್ಷಕರ ಕೈಗೆ ಮಾತ್ರ ಕೊಡುವ ಪದ್ಧತಿ ತಂದರೆ ಎಷ್ಟೋ ಉಪಯೋಗ. ಆ ಹಾಳೆ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಾಗಲಿ (ಸಿಆರ್‌ಪಿ) ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗಾಗಲಿ ಹೋಗಕೂಡದು. ಹೋದ ದಿನವೇ ಅದೂ ತುಂಬಿಸಬೇಕಾದ ಇನ್ನೊಂದು ನಮೂನೆಯಾಗುತ್ತದೆ, ಗೆರೆಗಳು ಎಲ್ಲ ಹೆಸರುಗಳ ಮುಂದೆ ಸಮನಾಗಿ ಬೀಳತೊಡಗುತ್ತವೆ.

ಇಲಾಖೆ ಕೂಡಲೇ ಮಾಡಬಹುದಾದ, ಹಣ ಬೇಡದ ಕೆಲಸವೊಂದಿದೆ. ಪ್ರತಿ ವರ್ಷ ವಿದ್ಯಾರ್ಥಿವೇತನದ ಸಮಯ ಬಂದಾಗ ತರಗತಿಯ ಬಾಗಿಲಲ್ಲಿ ನಿಂತು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳು ಎದ್ದು ನಿಲ್ಲಿ, ಅಲ್ಪಸಂಖ್ಯಾತರು ಕೈ ಎತ್ತಿ ಎಂದು ಕೂಗುವ ರೂಢಿ ಬಹಳ ಶಾಲೆಗಳಲ್ಲಿದೆ. ನಾನೂ ವರ್ಷಗಟ್ಟಲೆ ಹಾಗೆ ಕೂಗಿದ್ದೇನೆ, ಅದು ಮಕ್ಕಳಿಗೆ ಸೌಲಭ್ಯ ಕೊಡಿಸುವ ಕೆಲಸವೆಂಬ ಒಳ್ಳೆಯ ಮನಸ್ಸಿನಿಂದಲೇ. ಒಂದು ವರ್ಷ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗ ಏಳಲಿಲ್ಲ. ಪಟ್ಟಿಯಲ್ಲಿ ಹೆಸರಿದೆ, ಯಾಕೆ ಕೂತೆ ಎಂದು ಗದರಿದೆ. ಅವನು ಕೂತಲ್ಲಿಂದಲೇ, ಸಣ್ಣ ದನಿಯಲ್ಲಿ, ‘ಎದ್ದ ನಿಂದರಲಿಕ್ರ ರೊಕ್ಕ ಬರೂದಿಲ್ಲೇನ್ರಿ ಅಕ್ಕೋರ’ ಎಂದು ಕೇಳಿದ. ಬರುತ್ತದೆ, ಕೂತುಕೋ ಎಂದೆ. ಅವನ ಹೆಸರು, ಜಾತಿ ಪ್ರಮಾಣಪತ್ರದ ವಿವರ, ಬ್ಯಾಂಕ್ ಖಾತೆ ಎಲ್ಲವೂ ಆಗಲೇ ಕಚೇರಿಯ ಕಡತದಲ್ಲಿದ್ದವು. ಅವನು ನಿಲ್ಲಲೇಬೇಕಾದ ಅಗತ್ಯ ಆ ಯೋಜನೆಗೆ ಎಂದೂ ಇರಲಿಲ್ಲ.

ಇಂದು ಈ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ, ಮಗುವಿನ ವಿವರ ದಾಖಲಾತಿಯ ಹೊತ್ತಿಗೇ ಕಂಪ್ಯೂಟರಿಗೆ ಸೇರಿರುತ್ತದೆ. ಕೊರತೆಯಿರುವ ಕಾಗದಗಳಿಗೆ ಪಾಲಕರನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ದಿನ ಒಬ್ಬೊಬ್ಬರಾಗಿ ಕರೆದು ಕೇಳಬಹುದು, ಫೋನು ಮಾಡಬಹುದು. ಮಕ್ಕಳ ಜಾತಿ, ಧರ್ಮ, ಅಂಗವೈಕಲ್ಯ ಅಥವಾ ಸೌಲಭ್ಯದ ವಿವರವನ್ನು ತರಗತಿಯಲ್ಲಿ ಎಲ್ಲರೆದುರು ಕೂಗಿ ಕೇಳಕೂಡದು, ಅಂಥ ಪಟ್ಟಿಗಳನ್ನು ಮಕ್ಕಳಿಗೆ ಕಾಣುವ ಗೋಡೆಗೆ ಅಂಟಿಸಕೂಡದು, ಖಾಸಗಿ ಶಾಲೆಗಳಲ್ಲಿ ಶಿಕ್ಷಣ ಹಕ್ಕು ಕಾಯ್ದೆಯಡಿ ಸೇರಿದವರನ್ನು ‘ಆರ್‌ಟಿಇ ಮಕ್ಕಳು’ ಎಂದು ಬೇರೆ ಮಾಡಿ ಕರೆಯಕೂಡದು ಎಂದು ಶಾಲಾ ಶಿಕ್ಷಣ ಇಲಾಖೆಯು ಬರುವ ಶೈಕ್ಷಣಿಕ ವರ್ಷದ ದಾಖಲಾತಿ ಆರಂಭವಾಗುವ ಮೊದಲೇ ಒಂದು ಪುಟದ ಸುತ್ತೋಲೆ ಹೊರಡಿಸಬೇಕು, ಮತ್ತು ಅದನ್ನು ಶಾಲೆ ಆರಂಭವಾದ ಮೊದಲ ವಾರದ ಶಿಕ್ಷಕರ ಸಭೆಯಲ್ಲಿ ಮುಖ್ಯ ಶಿಕ್ಷಕರು ಓದಿ ಹೇಳುವಂತೆ ನೋಡಿಕೊಳ್ಳಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ,
ಗದಗ ಜಿಲ್ಲೆ